ನಾನಿಯ ಮುಖದ ಕಲೆಗಳು

ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದಲ್ಲಿ ಜೋಡಿ ಮುಖದ ಕೆತ್ತನೆಯಿದೆ. ಒಂದು ಶರಣಬಸವೇಶ್ವರರದು, ಇನ್ನೊಂದು ಅವರ ಗುರು ಮರುಳಾರಾಧ್ಯರದು. ಎರಡು ಮುಖ ಕೂಡಿಸಿದ್ದನ್ನು ಕಂಡು ಯಾರೂ ಮೋಸಹೋಗುವುದಿಲ್ಲ. ಅದು ಭಕ್ತಿಯ ಕೆತ್ತನೆ ಎಂದು ಎಲ್ಲರಿಗೂ ಗೊತ್ತು.

ಫೋಟೋದ ಮಾತು ಬೇರೆ. ಅದು ಇದ್ದದ್ದನ್ನು ಇದ್ದ ಹಾಗೇ ಹೇಳುತ್ತದೆಂದು ನಾವು ನಂಬಿದ್ದೇವೆ. ಆದರೆ ಈ ನಂಬಿಕೆ ಮೊದಲಿನಿಂದಲೂ ಅರ್ಧ ಸತ್ಯವೇ. 1858ರಲ್ಲಿ ಇಂಗ್ಲೆಂಡಿನ ಹೆನ್ರಿ ಪೀಚ್ ರಾಬಿನ್ಸನ್ ಐದು ನೆಗೆಟಿವ್‌ಗಳನ್ನು ಕೂಡಿಸಿ, ಸಾಯುತ್ತಿರುವ ಹುಡುಗಿಯ ಒಂದು ಚಿತ್ರ ಮಾಡಿದ. ನಮ್ಮ ಕಲಬುರಗಿ ಆಗ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ, ನಿಜಾಮರು ತಮ್ಮ ಆಸ್ಥಾನದ ಛಾಯಾಗ್ರಾಹಕ ಲಾಲಾ ದೀನ್ ದಯಾಳರಿಗೆ 'ಮುಸವ್ವಿರ್ ಜಂಗ್' ಎಂಬ ಬಿರುದು ಕೊಟ್ಟರು. ಉರ್ದುವಿನಲ್ಲಿ ಮುಸವ್ವಿರ್ ಎಂದರೆ ಚಿತ್ರಕಾರ. ಕ್ಯಾಮೆರಾದವನಿಗೂ ಕುಂಚದವನಿಗೂ ಒಂದೇ ಹೆಸರು! ಸ್ಟುಡಿಯೋದವರು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖದ ಕಲೆ ಮುಚ್ಚುತ್ತಿದ್ದರು, ಕಪ್ಪು ಬಿಳುಪು ಪಟಕ್ಕೆ ಕೈಯಿಂದ ಬಣ್ಣ ಹಚ್ಚುತ್ತಿದ್ದರು. ಆ ಕೆಲಸಕ್ಕೆ ಕತ್ತಲೆ ಕೋಣೆ ಬೇಕಿತ್ತು, ಪಳಗಿದ ಕೈ ಬೇಕಿತ್ತು.

ಕಂಪ್ಯೂಟರು ಆ ಶ್ರಮವನ್ನು ಇಲ್ಲವಾಗಿಸಿತು. 1982ರಲ್ಲೇ 'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆ ಮುಖಪುಟಕ್ಕೆ ಹೊಂದಲೆಂದು ಗಿಜಾದ ಪಿರಮಿಡ್ಡುಗಳನ್ನು ಹತ್ತಿರ ಸರಿಸಿ, ಟೀಕೆಗೆ ಗುರಿಯಾಯಿತು. ಅಮೆರಿಕದ ಥಾಮಸ್ ಮತ್ತು ಜಾನ್ ನೋಲ್ ಸಹೋದರರು ಬೆಳೆಸಿದ ಫೋಟೋಶಾಪ್ 1990ರಲ್ಲಿ ಮಾರುಕಟ್ಟೆಗೆ ಬಂತು. 2010ರಲ್ಲಿ, ಅಳಿಸಿದ ವಸ್ತುವಿನ ಜಾಗವನ್ನು ಸುತ್ತಲಿನ ಚಿತ್ರದಿಂದ ತಾನೇ ತುಂಬುವ ವಿದ್ಯೆ ಅದಕ್ಕೆ ದಕ್ಕಿತು. 2023ರಿಂದ, ಬೇಕಾದದ್ದನ್ನು ಮಾತಿನಲ್ಲಿ ಬರೆದರೆ ಸಾಕು, ಇಲ್ಲದ್ದೂ ಪಟದಲ್ಲಿ ಬಂದು ನಿಲ್ಲುತ್ತದೆ.

ನಮ್ಮ ನಾನಿಯದು ಒಂದೇ ಒಂದು ಫೋಟೋ ಇತ್ತು. ಹರಿದಿದ್ದ ಅದನ್ನು ದೊಡ್ಡದು ಮಾಡಿಸಲು ಸ್ಟುಡಿಯೋಕ್ಕೆ ಕೊಟ್ಟೆ. ಹುಡುಗ ಪ್ರೀತಿಯಿಂದಲೇ ಕೆಲಸ ಮಾಡಿದ್ದ. ಹರಿದ ಗೆರೆ ಮಾಯವಾಗಿತ್ತು. ಮುಖದ ಸುಕ್ಕೂ ಮಾಯ. ಬಣ್ಣ ಬೆಳ್ಳಗಾಗಿತ್ತು. ಅಮ್ಮಿ ಬಹಳ ಹೊತ್ತು ನೋಡಿ, "ಯೇ ಕೌನ್ ಹೈ ಬೇಟಾ?" ಎಂದು ಕೇಳಿದರು. ಯಾರಪ್ಪಾ ಇವಳು?

ನಾನಿಯ ಕೆನ್ನೆಯ ತುಂಬ ಸಿಡುಬಿನ ಕಲೆಗಳಿದ್ದವು. ಭಾರತ ಸಿಡುಬಿನಿಂದ ಮುಕ್ತವೆಂದು ಘೋಷಣೆಯಾದದ್ದು 1977ರಲ್ಲಿ. ಅದಕ್ಕೂ ಮೊದಲು ಆ ರೋಗದಿಂದ ಬದುಕಿ ಉಳಿದ ಹೆಂಗಸಿನ ಗುರುತು ಅದು. ಹುಡುಗನಿಗೆ ಅದು ದೋಷವಾಗಿ ಕಂಡಿತು. ಅಮ್ಮಿಗೆ ಅದೇ ತಾಯಿ.

ತಂತ್ರಾಂಶವನ್ನು ದೂರಿ ಫಲವಿಲ್ಲ. ಹರಿದ ಗೆರೆ ಕೂಡಿಸಿದ್ದೂ ಅದೇ ಅಲ್ಲವೇ? ತಿದ್ದಿದ್ದರೆ ತಿದ್ದಿದ್ದೇವೆಂದು ಹೇಳೋಣ, ಮೂಲ ಪಟವನ್ನು ಎಸೆಯದಿರೋಣ. ಹೋಳಿಯಾದ ಐದನೇ ದಿನ ಶರಣಬಸವೇಶ್ವರರ ತೇರು ಎಳೆಯುವಾಗ ಈಗ ಮೊಬೈಲುಗಳದೇ ಸಾಲು. ನಾಳೆ ಆ ಪಟಗಳನ್ನು ನೋಡುವ ಮೊಮ್ಮಕ್ಕಳಿಗೆ ನಮ್ಮ ಮುಖ ಸಿಗಬೇಕು.

ಆ ಹರಿದ ಫೋಟೋ ಈಗಲೂ ಅಮ್ಮಿಯ ಟ್ರಂಕಿನಲ್ಲಿದೆ.