ಲೆಂಡ್-ಲೀಸ್ ಮತ್ತು ಬೆಂಗಳೂರಿನ ವಿಮಾನ ಕಾರ್ಖಾನೆ

ಲೆಂಡ್-ಲೀಸ್ (ಎರವಲು-ಗುತ್ತಿಗೆ) ಎಂಬುದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ತನ್ನ ಮಿತ್ರರಾಷ್ಟ್ರಗಳಿಗೆ ಯುದ್ಧಸಾಮಗ್ರಿ, ಆಹಾರ ಮತ್ತು ಸೇವೆಗಳನ್ನು ತಕ್ಷಣದ ಹಣಪಾವತಿಯಿಲ್ಲದೆ ಒದಗಿಸಿದ ವ್ಯವಸ್ಥೆ. ಬ್ರಿಟಿಷ್ ಆಳ್ವಿಕೆಯಲ್ಲಿದ್ದ ಭಾರತವು ಈ ನೆರವನ್ನು ಪಡೆಯಿತು, ಪ್ರತಿಯಾಗಿ ನೆರವನ್ನೂ ನೀಡಿತು. ಆದರೆ ಇದು ನಡೆದದ್ದು ಬ್ರಿಟನ್ ಸಹಿ ಮಾಡಿದ ಒಪ್ಪಂದದ ಅಡಿಯಲ್ಲಿ. ಈ ವ್ಯವಸ್ಥೆಯ ಪರಿಣಾಮಗಳನ್ನು ಮೈಸೂರು ಸಂಸ್ಥಾನದಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್ ಕಾರ್ಖಾನೆಯ ಇತಿಹಾಸದಲ್ಲಿ ಕಾಣಬಹುದು.

ಹಿನ್ನೆಲೆ

ಯುದ್ಧದ ಆರಂಭದಲ್ಲಿ ಬ್ರಿಟನ್ ಅಮೆರಿಕದಿಂದ ನಗದು ಕೊಟ್ಟು ಶಸ್ತ್ರಾಸ್ತ್ರಗಳನ್ನು ಕೊಳ್ಳಬೇಕಾಗಿತ್ತು. 1940ರ ಅಂತ್ಯದ ವೇಳೆಗೆ ಅದರ ಡಾಲರ್ ಸಂಗ್ರಹ ಬಹುಮಟ್ಟಿಗೆ ಬರಿದಾಯಿತು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1941ರ ಮಾರ್ಚ್ 11ರಂದು ಲೆಂಡ್-ಲೀಸ್ ಕಾಯಿದೆಗೆ ಅಂಕಿತ ಹಾಕಿದರು. 1942ರ ಫೆಬ್ರವರಿ 23ರಂದು ಎರಡೂ ದೇಶಗಳು ಮೂಲ ಒಪ್ಪಂದಕ್ಕೆ ಸಹಿ ಮಾಡಿದವು. ಯುದ್ಧದಲ್ಲಿ ನಾಶವಾಗದೆ ಉಳಿದ ಸಾಮಗ್ರಿಯನ್ನು ಅಮೆರಿಕ ಕೇಳಿದರೆ ಹಿಂದಿರುಗಿಸಬೇಕೆಂಬುದು ಅದರ ಒಂದು ಷರತ್ತು. ಈ ಯೋಜನೆಯ ಒಟ್ಟು ಮೌಲ್ಯ ಸುಮಾರು 5,000 ಕೋಟಿ ಡಾಲರ್.

ಭಾರತದ ಪಾತ್ರ

ಭಾರತದಲ್ಲಿದ್ದ ಅಮೆರಿಕನ್ ಸೈನಿಕರಿಗೆ ವಿಮಾನ ನಿಲ್ದಾಣ, ವಸತಿ, ಆಹಾರ ಮತ್ತು ಇಂಧನವನ್ನು ಭಾರತವು ಒದಗಿಸಿತು. ಇದಕ್ಕೆ 'ಪ್ರತಿ ಲೆಂಡ್-ಲೀಸ್' ಎಂದು ಹೆಸರು. 1944ರಲ್ಲಿ ಅಮೆರಿಕವು ಸುಮಾರು 22.6 ಕೋಟಿ ಔನ್ಸ್ ಬೆಳ್ಳಿಯನ್ನು ಭಾರತಕ್ಕೆ ಎರವಲಾಗಿ ನೀಡಿತು. ಇದನ್ನು ಹಣದ ರೂಪದಲ್ಲಲ್ಲದೆ ಬೆಳ್ಳಿಯಾಗಿಯೇ ಹಿಂದಿರುಗಿಸಬೇಕಾಗಿತ್ತು. ದೇಶ ವಿಭಜನೆಯ ಬಳಿಕ ಈ ಹೊಣೆಯನ್ನು ಭಾರತ ಮತ್ತು ಪಾಕಿಸ್ತಾನ ಹಂಚಿಕೊಂಡವು.

ಬೆಂಗಳೂರಿನ ಕಾರ್ಖಾನೆ

ಉದ್ಯಮಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಯೋಗದಲ್ಲಿ 1940ರ ಡಿಸೆಂಬರ್ 23ರಂದು ಈ ಸಂಸ್ಥೆಯನ್ನು ಸ್ಥಾಪಿಸಿದರು. ಆಗ ಸರ್ ಮಿರ್ಜಾ ಇಸ್ಮಾಯಿಲ್ ಮೈಸೂರಿನ ದಿವಾನರಾಗಿದ್ದರು. ಸಂಸ್ಥಾನವು ಬಂಡವಾಳದ ಜೊತೆಗೆ ಭೂಮಿಯನ್ನೂ ಒದಗಿಸಿತು. ಅಮೆರಿಕದ ಇಂಟರ್‌ಕಾಂಟಿನೆಂಟಲ್ ಸಂಸ್ಥೆಯ ತಾಂತ್ರಿಕ ನೆರವಿನಿಂದ ಇಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನವು 1941ರ ಆಗಸ್ಟ್‌ನಲ್ಲಿ ಹಾರಿತು.

ಜಪಾನ್ ಬರ್ಮಾವನ್ನು ಆಕ್ರಮಿಸಿದ ಮೇಲೆ ಹೊಸ ವಿಮಾನಗಳ ತಯಾರಿಕೆಗಿಂತ ಇರುವ ವಿಮಾನಗಳ ದುರಸ್ತಿ ಹೆಚ್ಚು ತುರ್ತಿನ ಕೆಲಸವಾಯಿತು. 1942ರಲ್ಲಿ ಭಾರತ ಸರ್ಕಾರವು ವಾಲಚಂದ್ ಅವರ ಪಾಲನ್ನು ಕೊಂಡು ಆಡಳಿತವನ್ನು ವಹಿಸಿಕೊಂಡಿತು. 1943ರಲ್ಲಿ ಕಾರ್ಖಾನೆಯು ಅಮೆರಿಕದ ಸೇನಾ ವಾಯುಪಡೆಯ ನಿರ್ವಹಣೆಗೆ ಒಳಪಟ್ಟು 84ನೇ ವಾಯು ಡಿಪೊ ಆಯಿತು. ಇಲ್ಲಿ ಬಾಂಬರ್, ಸಾಗಣೆ ವಿಮಾನ ಮತ್ತು ಕ್ಯಾಟಲಿನಾ ಸಮುದ್ರವಿಮಾನಗಳನ್ನು ದುರಸ್ತಿ ಮಾಡಲಾಯಿತು. ಸ್ವಂತ ವಿಮಾನ ತಯಾರಿಸುವ ಉದ್ದೇಶ ಹಿಂದೆ ಸರಿಯಿತಾದರೂ ಭಾರೀ ವಿಮಾನಗಳನ್ನು ಬಿಚ್ಚಿ ಜೋಡಿಸುವ ಪರಿಣತಿ ಸ್ಥಳೀಯ ಕೆಲಸಗಾರರಿಗೆ ದೊರೆಯಿತು.

ಲಿಬರೇಟರ್ ವಿಮಾನಗಳು

1945ರ ಸೆಪ್ಟೆಂಬರ್‌ನಲ್ಲಿ ಲೆಂಡ್-ಲೀಸ್ ಕೊನೆಗೊಂಡಿತು. ಭಾರತಕ್ಕೆ ಸಂಬಂಧಿಸಿದ ಲೆಕ್ಕಗಳ ಇತ್ಯರ್ಥಕ್ಕೆ 1946ರ ಮೇ 16ರಂದು ಒಪ್ಪಂದವಾಯಿತು. ಬ್ರಿಟಿಷ್ ವಾಯುಪಡೆಯು ಬಳಸಿದ್ದ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಕಾನ್ಪುರದಲ್ಲಿ ಮತ್ತೆ ಬಳಸಲಾಗದಂತೆ ಹಾಳುಗೆಡವಿ ಬಿಡಲಾಗಿತ್ತು. ಸ್ವಾತಂತ್ರ್ಯಾನಂತರ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನ ತಂಡವು ಅವುಗಳನ್ನು ಹಾರಾಡುವ ಸ್ಥಿತಿಗೆ ತಂದು ಬೆಂಗಳೂರಿಗೆ ಒಯ್ದಿತು. ಹೀಗೆ ಸುಮಾರು 40 ವಿಮಾನಗಳು ಪೂರ್ಣವಾಗಿ ನವೀಕರಣಗೊಂಡವು. 1948ರಲ್ಲಿ ಇವುಗಳಿಂದ ಭಾರತೀಯ ವಾಯುಪಡೆಯ 5ನೇ ಸ್ಕ್ವಾಡ್ರನ್ ರಚನೆಯಾಯಿತು. ಇವುಗಳಲ್ಲಿ ಕೊನೆಯವು 1968ರವರೆಗೆ ಸೇವೆಯಲ್ಲಿದ್ದವು.

ಪರಿಣಾಮ

ಒಪ್ಪಂದದ ಷರತ್ತುಗಳು ಸಾಮಗ್ರಿಯ ಒಡೆತನಕ್ಕೆ ಸಂಬಂಧಿಸಿದ್ದವು. ದುರಸ್ತಿಯ ಕೆಲಸದಿಂದ ಬಂದ ಪರಿಣತಿಯು ಕಾರ್ಖಾನೆಯಲ್ಲಿಯೇ ಉಳಿಯಿತು. 1951ರಲ್ಲಿ ಇದೇ ಕಾರ್ಖಾನೆಯಿಂದ ಭಾರತದಲ್ಲಿಯೇ ವಿನ್ಯಾಸಗೊಂಡ ಎಚ್‌ಟಿ-2 ತರಬೇತಿ ವಿಮಾನವು ಮೊದಲ ಹಾರಾಟ ನಡೆಸಿತು. 1964ರಲ್ಲಿ ಸಂಸ್ಥೆಯು ವಿಲೀನಗೊಂಡು ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ (ಎಚ್‌ಎಎಲ್) ಆಯಿತು.