ನಮ್ ಜಿಲ್ಲೆ ಕಥೆ, ಭಾಗ 7: ಮೂರು ರಾಜೀನಾಮೆ ಮತ್ತು ನಮ್ಮಮ್ಮನ ಕುರ್ಚಿ

ಫೋಟೋ ಓಂ ಬೀಚ್‌ದು, ಕಥೆ ಘಟ್ಟದ ಮೇಲಿಂದು. ಮೊನ್ನೆ ಈ ಬಂಡೆ ಮೇಲೆ ಕೂತಾಗ ಒಬ್ಳು ಕೇಳಿದ್ಲು, "ನಮ್ ಜಿಲ್ಲೆಯವ್ರು ಯಾರಾದ್ರೂ ಸಿಎಂ ಆಗಿದ್ರಾ?" ಆರು ಜನ ಇದ್ವಿ, ಯಾರಿಗೂ ಗೊತ್ತಿರ್ಲಿಲ್ಲ.

ಆಗಿದ್ರು. ರಾಮಕೃಷ್ಣ ಹೆಗಡೆ, ಸಿದ್ದಾಪುರ ತಾಲೂಕಿನ ದೊಡ್ಮನೆಯವರು. 1983ರ ಜನವರಿಯಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿ.

1984ರ ಲೋಕಸಭೆ ಚುನಾವಣೆಯಲ್ಲಿ ಅವರ ಜನತಾ ಪಕ್ಷಕ್ಕೆ 28ರಲ್ಲಿ ಸಿಕ್ಕಿದ್ದು 4 ಸೀಟು. ಸೋತಿದ್ದು ದಿಲ್ಲಿ ಚುನಾವಣೆ, ಆದ್ರೂ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದ್ರು. 1985ರಲ್ಲಿ ಸ್ಪಷ್ಟ ಬಹುಮತ ಬಂತು! 1986ರಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆ ಬಗ್ಗೆ ಹೈಕೋರ್ಟ್ ಟೀಕಿಸಿದಾಗ ರಾಜೀನಾಮೆ ಕೊಟ್ಟು, ಕೆಲವೇ ದಿನದಲ್ಲಿ ವಾಪಸ್ ತಗೊಂಡ್ರು. 1988ರಲ್ಲಿ ಫೋನ್ ಕದ್ದಾಲಿಕೆ ವಿವಾದ. ಆಗ ಬಿಟ್ಟ ಕುರ್ಚಿಗೆ ಮತ್ತೆ ಬರಲಿಲ್ಲ.

ಆದ್ರೆ ಉಳಿದಿದ್ದು ಬೇರೆ. ಅವರ ಸರ್ಕಾರ, ಮಂತ್ರಿ ಅಬ್ದುಲ್ ನಜೀರ್ ಸಾಬ್ ಮುಂದಾಳತ್ವದಲ್ಲಿ, ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿ ತಂತು. 1987ರ ಚುನಾವಣೆಯಲ್ಲಿ ಕಾಲು ಭಾಗ ಸೀಟು ಹೆಂಗಸರಿಗೆ. ಇಡೀ ದೇಶಕ್ಕೆ 73ನೇ ತಿದ್ದುಪಡಿ ಜಾರಿಯಾಗಿದ್ದು 1993ರಲ್ಲಿ. ಈಗ ನಮ್ಮಲ್ಲಿ ಅರ್ಧ.

ನಮ್ಮಮ್ಮನೂ ಒಂದು ಅವಧಿ ಪಂಚಾಯತಿ ಸದಸ್ಯೆ. ಮೊದಲ ಸಭೆಯಲ್ಲಿ ಬಾಗಿಲ ಹತ್ರನೇ ನಿಂತಿದ್ಲಂತೆ. ಕೊನೇ ವರ್ಷ ನಲ್ಲಿ ನೀರಿಗಾಗಿ ಮೇಜು ಕುಟ್ಟಿ ಕೇಳಿದ್ಲು. ನಾನು ಮಾತ್ರ "ಮೀಸಲಾತಿ ಸೀಟು" ಅಂತ ನಗಾಡ್ತಿದ್ದೆ. ಇದನ್ನೆಲ್ಲ ಓದಿದ್ಮೇಲೆ ನಿನ್ನೆ ರಾತ್ರಿ ಸಾರಿ ಕೇಳಿದೆ. "ಊಟ ಮಾಡು ಮೊದ್ಲು" ಅಂದ್ಲು.

ಮುಂದಿನ ಪಂಚಾಯತಿ ಚುನಾವಣೆಗೆ ನಂದು ಮೊದಲ ವೋಟು. ನಿಮ್ ವಾರ್ಡ್ ಸದಸ್ಯರು ಯಾರು ಅಂತ ಗೊತ್ತಾ? ಗೊತ್ತಿಲ್ದಿದ್ರೆ ಇವತ್ತೇ ಮನೇಲಿ ಕೇಳಿ.

#ನಮ್ಜಿಲ್ಲೆಕಥೆ #ಉತ್ತರಕನ್ನಡ #ಓಂಬೀಚ್