ಮಿದುಳಿನ ರಕ್ತಸ್ರಾವವೂ ಸುಂಡಿಲಿಯೂ

ಮನುಷ್ಯನ ಅರ್ಧ ದೇಹ ಒಮ್ಮೆಲೇ ಸತ್ತಂತಾಗುವ ರೋಗಕ್ಕೆ ನಮ್ಮ ಹಿಂದಿನವರು ಪಕ್ಷಾಘಾತವೆಂದೂ ಪಾರ್ಶ್ವವಾಯುವೆಂದೂ ಹೆಸರಿಟ್ಟರು. ಕೆಟ್ಟ ವಾಯುವಿನ ಕೆಲಸವೆಂಬುದು ಅವರ ಎಣಿಕೆ. ಗ್ರೀಕರು ಇಟ್ಟ ಹೆಸರಿಗೆ ‘ಹೊಡೆದು ಕೆಡಹುವುದು’ ಎಂದರ್ಥ. ಎರಡು ಹೆಸರುಗಳಲ್ಲಿಯೂ ರಕ್ತದ ಸುಳಿವಿಲ್ಲ.

ಆ ಸುಳಿವನ್ನು ಸ್ಪಷ್ಟವಾಗಿ ಕೊಟ್ಟವನು ಸ್ವಿಟ್ಜರ್ಲೆಂಡಿನ ವೈದ್ಯ ಯೋಹಾನ್ ಯಾಕೋಬ್ ವೆಪ್ಫರ್. ಹೀಗೆ ಹಠಾತ್ತಾಗಿ ಬಿದ್ದು ಸತ್ತವರ ಶವಗಳನ್ನು ಕೊಯ್ದು ನೋಡಿದ ಅವನು, ಮಿದುಳಿನೊಳಗೆ ರಕ್ತ ಸುರಿದು ಹೆಪ್ಪುಗಟ್ಟಿರುವುದನ್ನು 1658ರಲ್ಲಿ ಗ್ರಂಥಸ್ಥಗೊಳಿಸಿದನು. 1868ರಲ್ಲಿ ಪ್ಯಾರಿಸಿನ ಶಾರ್ಕೊ ಮತ್ತು ಬುಶಾರ್ ಎಂಬವರು ಮಿದುಳಿನ ಕಿರುನಾಳಗಳ ಮೇಲೆ ಸಣ್ಣ ಉಬ್ಬುಗಳನ್ನು ಕಂಡು, ಒಡೆಯುವ ಜಾಗ ಇದೇ ಎಂದರು. 1896ರಲ್ಲಿ ಇಟಲಿಯ ರೀವಾ ರೋಚಿ ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡವನ್ನು ಅಳೆಯುವ ಉಪಾಯ ಹೂಡಿದ ಮೇಲೆ, ಒಡೆಯಲು ಕಾರಣವೇನೆಂಬುದೂ ಕ್ರಮೇಣ ತಿಳಿಯಿತು. ಬದುಕಿರುವವನ ತಲೆಯೊಳಗಿನ ಹೆಪ್ಪನ್ನು ನೇರವಾಗಿ ಕಾಣಲು ಮಾತ್ರ 1971ರ ವರೆಗೆ, ಹೌನ್ಸ್‌ಫೀಲ್ಡನ ಸಿ. ಟಿ. ಯಂತ್ರ ಬರುವ ವರೆಗೆ, ಕಾಯಬೇಕಾಯಿತು.

ಹೆಪ್ಪು ಕಂಡರೆ ತೆಗೆದುಬಿಟ್ಟರಾಯಿತಲ್ಲ ಎಂದು ವಾಚಕರು ಕೇಳಬಹುದು. ಶಸ್ತ್ರವೈದ್ಯರೂ ಹಾಗೆಯೇ ಎಣಿಸಿದ್ದರು. ಆದರೆ ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡು 2005ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ, ಬೇಗನೆ ತಲೆಬುರುಡೆ ತೆರೆದವರಿಗೂ ತೆರೆಯದವರಿಗೂ ಒಟ್ಟಿನಲ್ಲಿ ಹೆಚ್ಚಿನ ಅಂತರ ಕಾಣಲಿಲ್ಲ. ಹಾಗಾದರೆ ಹಾನಿ ಮಾಡುವುದು ಹೆಪ್ಪಿನ ಭಾರವೊಂದೇ ಅಲ್ಲ. ಮೊದಲ ಏಟಿನ ನಂತರ ಗಂಟೆಗಳು, ದಿನಗಳು ಕಳೆದಂತೆ ಒಳಗೊಳಗೇ ಎರಡನೆಯ ಏಟೊಂದು ಬೀಳುತ್ತಿರುತ್ತದೆ. ಆ ಗಳಿಗೆಯಲ್ಲಿ ರೋಗಿಯ ಮಿದುಳಿನ ಚೂರನ್ನು ಕಿತ್ತು ನೋಡುವಂತಿಲ್ಲ. ವಿಜ್ಞಾನಿಗಳು ಇಲಿಯನ್ನು ಆಶ್ರಯಿಸಿದ್ದು ಇಲ್ಲಿ.

ಅವರು ಹಿಡಿದ ದಾರಿಗಳು ಮುಖ್ಯವಾಗಿ ಎರಡು. ಅರಿವಳಿಕೆ ಕೊಟ್ಟ ಪ್ರಾಣಿಯ ಮಿದುಳಿನ ಆಳಕ್ಕೆ ಅದರದೇ ರಕ್ತವನ್ನು ಮೆಲ್ಲನೆ ಚುಚ್ಚುವುದು ಒಂದು. ರಕ್ತನಾಳದ ಗೋಡೆಯನ್ನು ಕರಗಿಸುವ ಕೊಲಾಜಿನೇಸ್ ಎಂಬ ಕಿಣ್ವವನ್ನು ಚುಚ್ಚಿ, ನಾಳ ತಾನಾಗಿ ಒಸರುವಂತೆ ಮಾಡುವುದು ಇನ್ನೊಂದು. ಇದನ್ನು ರೋಸೆನ್‌ಬರ್ಗ್ ಮತ್ತು ಸಂಗಡಿಗರು 1990ರಲ್ಲಿ ದೊಡ್ಡ ಇಲಿಗಳಲ್ಲಿ ಮಾಡಿ ತೋರಿಸಿದರು. ಬಳಿಕ ಸರದಿ ಸುಂಡಿಲಿಗೆ ಬಂತು. ಬೇಕಾದ ವಂಶವಾಹಿಯೊಂದನ್ನು ತೆಗೆದುಹಾಕಿ ಸುಂಡಿಲಿಯನ್ನು ಬೆಳೆಸುವ ವಿದ್ಯೆ ಅಷ್ಟರಲ್ಲಿ ಕೈವಶವಾಗಿತ್ತು. ಮೊದಲ ದಾರಿಯಲ್ಲಿ ಚೆಲ್ಲಿದ ರಕ್ತದ ವಿಷವನ್ನು ಬಿಡಿಯಾಗಿ ನೋಡಬಹುದು, ಆದರೆ ನಾಳ ಒಡೆದಿರುವುದಿಲ್ಲ. ಎರಡನೆಯದರಲ್ಲಿ ಸ್ರಾವ ಮನುಷ್ಯನಲ್ಲಿಯಂತೆ ಹಿಗ್ಗುತ್ತದೆ, ಆದರೆ ಕಿಣ್ವವೇ ಉರಿಯೂತ ಹುಟ್ಟಿಸಿತೋ ಎಂಬ ಸಂಶಯ ಉಳಿಯುತ್ತದೆ.

ಪೆಟ್ಟು ತಿಂದ ಸುಂಡಿಲಿಯನ್ನು ಮೂಲೆಗೆ ಬಿಟ್ಟರೆ ಅದು ಯಾವಾಗಲೂ ಒಂದೇ ಕಡೆಗೆ ತಿರುಗುತ್ತದೆ. ತಂತಿಯ ಜಾಲರಿಯ ಮೇಲೆ ನಡೆಸಿದರೆ ಒಂದು ಬದಿಯ ಕಾಲು ಜಾರುತ್ತದೆ. ಇದೇ ಅದರ ಪಕ್ಷಾಘಾತ. ಇಂಥ ಪ್ರಯೋಗಗಳಿಂದ ಎರಡನೆಯ ಏಟಿನ ಗುಟ್ಟು ಹೊರಬಿತ್ತು: ಹೆಪ್ಪುಗಟ್ಟಿಸುವ ತ್ರಾಂಬಿನ್ ಮೊದಲು ಊತ ತರುತ್ತದೆ, ಕೆಲವು ದಿನಗಳಲ್ಲಿ ಕೆಂಪುಕಣಗಳು ಒಡೆದು ಕಬ್ಬಿಣ ಹೊರಬಂದು ನರಕೋಶಗಳನ್ನು ಸುಡುತ್ತದೆ. ದೇಹವನ್ನು ಪೋಷಿಸುವ ರಕ್ತವೇ ಜಾಗ ತಪ್ಪಿದಾಗ ವಿಷವಾಗುತ್ತದೆ.

ಕಬ್ಬಿಣವನ್ನು ಹಿಡಿದಿಡುವ ಡೆಫೆರಾಕ್ಸಮೀನ್ ಎಂಬ ಔಷಧ ಇಲಿಗಳಲ್ಲಿ ಗುಣ ತೋರಿತು. ಮನುಷ್ಯರಲ್ಲಿ ನಡೆಸಿದ ಪರೀಕ್ಷೆಯ ಫಲ 2019ರಲ್ಲಿ ಹೊರಬಂದಾಗ, ಮೂರು ತಿಂಗಳ ಗಡುವಿನಲ್ಲಿ ನಿರೀಕ್ಷಿಸಿದ ಪ್ರಯೋಜನ ಸಿಕ್ಕಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಸುಂಡಿಲಿಯ ಮಿದುಳಿನ ತೂಕ ಅರ್ಧ ಗ್ರಾಮಿನಷ್ಟು, ನಮ್ಮದು ಸುಮಾರು 1,400 ಗ್ರಾಂ. ಪ್ರಯೋಗಶಾಲೆಯ ಇಲಿ ಸಾಮಾನ್ಯವಾಗಿ ಎಳೆಯದು, ನಿರೋಗಿ. ನಮ್ಮ ರೋಗಿ ಹತ್ತಾರು ವರ್ಷ ರಕ್ತದೊತ್ತಡ ಹೊತ್ತ ಮುದುಕ. ಇಲಿಗೆ ಔಷಧ ಹೇಳಿದ ಗಳಿಗೆಗೆ ಬೀಳುತ್ತದೆ. ಮುದುಕ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಷ್ಟೋ ಗಂಟೆ ಕಳೆದಿರುತ್ತದೆ.

ಈ ಕೊನೆಯ ಮಾತು ಬೈಂದೂರು, ಕುಂದಾಪುರ, ಬ್ರಹ್ಮಾವರದವರಿಗೆ ಹೊಸತಲ್ಲ. ಸೌಪರ್ಣಿಕಾ, ವಾರಾಹಿ, ಸೀತಾ, ಸ್ವರ್ಣಾ ನದಿಗಳಿಗೆ ಸೇತುವೆಗಳಾಗುವ ಮೊದಲು ಕಡವಿನ ದೋಣಿಯೇ ಗತಿಯಾಗಿತ್ತು. 1953ರಲ್ಲಿ ಡಾ. ಟಿ. ಎಂ. ಎ. ಪೈಗಳು ಮಣಿಪಾಲದ ಬೋಳುಗುಡ್ಡದ ಮೇಲೆ ವೈದ್ಯಕೀಯ ಕಾಲೇಜನ್ನು ತೆರೆದುದು ಈ ಸೀಮೆಗೆ ದೊಡ್ಡ ಆಸರೆ. ಇಂದು ಹೆದ್ದಾರಿ ಇದೆ, ಸಿ. ಟಿ. ಯಂತ್ರವಿದೆ. ಆದರೂ ‘ನಾಳೆ ನೋಡುವ’ ಎಂದು ರಾತ್ರಿ ಕಳೆಯುವ, ಎಣ್ಣೆ ತಿಕ್ಕಿಸಿ ಕಾಯುವ ಮನೆಗಳು ಇಲ್ಲವೆನ್ನುವಂತಿಲ್ಲ.

2023ರಲ್ಲಿ ಭಾರತವೂ ಸೇರಿ ಹತ್ತು ದೇಶಗಳ ಏಳು ಸಾವಿರಕ್ಕೂ ಮಿಕ್ಕ ರೋಗಿಗಳ ಪರೀಕ್ಷೆಯ ವರದಿ ಬಂತು. ರಕ್ತದೊತ್ತಡವನ್ನು ಬೇಗನೆ ಇಳಿಸಿ, ಸಕ್ಕರೆ ಮತ್ತು ಜ್ವರವನ್ನು ಹತೋಟಿಯಲ್ಲಿಟ್ಟು, ರಕ್ತ ತೆಳುಮಾಡುವ ಔಷಧದ ಪರಿಣಾಮವನ್ನು ತಡೆದರೆ ಹೆಚ್ಚು ಜನ ಚೇತರಿಸಿಕೊಳ್ಳುತ್ತಾರೆಂದು ಅದು ತೋರಿಸಿತು. ಇದರಲ್ಲಿ ಪವಾಡದ ಮದ್ದಿಲ್ಲ, ಇರುವುದು ತ್ವರೆ.

ಪ್ರಾಣಿಗಳ ಮೇಲಿನ ಹಿಂಸೆಯನ್ನು ತಡೆಯುವ ಕಾಯಿದೆ ನಮ್ಮಲ್ಲಿ 1960ರಿಂದ ಇದೆ. ಪ್ರಯೋಗಗಳೂ ಅದರ ಅಂಕೆಗೊಳಪಟ್ಟಿವೆ. ಇದು ನ್ಯಾಯವೇ. ಆದರೆ ಸುಂಡಿಲಿಯ ಋಣ ಕಾಯಿದೆಯಿಂದಷ್ಟೇ ತೀರುವುದಿಲ್ಲ. ಹೊತ್ತು ಮೀರಿದರೆ ರಕ್ತ ವಿಷವಾಗುತ್ತದೆಂದು ಅದು ಪ್ರಾಣ ತೆತ್ತು ಕಲಿಸಿದೆ. ಬಾಯಿ ಸೊಟ್ಟಗಾದ, ಕೈ ಜೋತುಬಿದ್ದ, ಮಾತು ತೊದಲಿದ ಹಿರಿಯರನ್ನು ಅದೇ ಗಳಿಗೆಯಲ್ಲಿ ವಾಹನ ಹತ್ತಿಸದಿದ್ದರೆ ಆ ಪಾಠವನ್ನು ನಾವು ಓದಿಯೂ ಓದಲಿಲ್ಲವೆಂದೇ ಆಗುತ್ತದೆ.